ಗೋಡೆಯ ಕಲೆಗೆ ಯಾರು ಹೊಣೆ?

ಮನೆ ಖಾಲಿ ಮಾಡುವ ದಿನ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ನಡೆಯುವ ಮಾತುಕತೆಗೆ ಒಂದು ಸಿದ್ಧ ಮಾದರಿಯೇ ಇದೆ. ಸಾಮಾನು ಹೇರಿದ ಟೆಂಪೊ ಬೀದಿಯಲ್ಲಿ ನಿಂತಿರುತ್ತದೆ. ಮಾಲೀಕರು ಕೋಣೆಯಿಂದ ಕೋಣೆಗೆ ನಡೆಯುತ್ತಾ ಗೋಡೆಯ ಮೊಳೆತೂತು, ಬಿರುಕು ಬಿಟ್ಟ ಸಿಂಕು, ಕಿತ್ತುಬಂದ ಕಪಾಟಿನ ಬಾಗಿಲುಗಳನ್ನು ಎಣಿಸುತ್ತಾರೆ. ‘ನಾವು ಬಂದಾಗಲೇ ಹಾಗಿತ್ತು’ ಎನ್ನುತ್ತಾರೆ ಬಾಡಿಗೆದಾರರು. ‘ಹೊಸ ಮನೆಯ ಹಾಗೆ ಕೊಟ್ಟಿದ್ದೆ’ ಎನ್ನುತ್ತಾರೆ ಮಾಲೀಕರು. ಮೂರು ವರ್ಷ ಹಬ್ಬದ ಸಿಹಿ ಹಂಚಿಕೊಂಡವರು ಕೊನೆಯ ಒಂದು ಗಂಟೆಯಲ್ಲಿ ಪರಸ್ಪರರ ಕಣ್ಣಿಗೆ ಅಪ್ರಾಮಾಣಿಕರಾಗಿ ಕಾಣತೊಡಗುತ್ತಾರೆ.

ಈ ಜಗಳದಲ್ಲಿ ಒಬ್ಬರ ಪಕ್ಷ ವಹಿಸುವುದು ಸುಲಭ. ಆದರೆ ಅದು ಸರಿಯಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು ಮೇಲಂತಸ್ತು ಕಟ್ಟಿಸಿ, ತಿಂಗಳ ಔಷಧದ ಖರ್ಚನ್ನು ಬಾಡಿಗೆಯಿಂದಲೇ ತೂಗಿಸುವ ಹಿರಿಯರಿಗೆ ಒಡೆದ ಕಮೋಡು, ಸುಟ್ಟ ಸ್ವಿಚ್‌ಬೋರ್ಡು, ಬಾಕಿ ಉಳಿದ ವಿದ್ಯುತ್ ಬಿಲ್ಲು ಸಣ್ಣ ಹೊರೆಯಲ್ಲ. ಅತ್ತ, ಹಳೆಯ ಮನೆಯ ಅಡ್ವಾನ್ಸ್ ಕೈಸೇರಿದರಷ್ಟೇ ಹೊಸ ಮನೆಯ ಅಡ್ವಾನ್ಸ್ ಕಟ್ಟಬಲ್ಲ ಕುಟುಂಬಕ್ಕೆ ಅದರಲ್ಲಿ ಮೂವತ್ತು ಸಾವಿರ ರೂಪಾಯಿ ಕಡಿತವಾಯಿತೆಂದರೆ ಅಂದೇ ಕೈಸಾಲಕ್ಕಾಗಿ ಅಲೆಯಬೇಕಾಗುತ್ತದೆ. ಇಬ್ಬರ ಕಷ್ಟವೂ ನಿಜ. ಹಾಗಿದ್ದರೆ ಕೊರತೆ ಇರುವುದು ಎಲ್ಲಿ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಸಹಜ ಬಳಕೆಯಿಂದಾದ ಸವೆತಕ್ಕೂ ತಡೆಯಲಾಗದ ವಿಪತ್ತಿನಿಂದಾದ ಬದಲಾವಣೆಗೂ ಅದು ವಿನಾಯಿತಿ ನೀಡಿದೆ. ಬೋರ್‌ವೆಲ್‌ನ ಗಡಸು ನೀರಿನಿಂದ ನಲ್ಲಿಗೆ ಹಿಡಿದ ಬಿಳಿ ಕರೆ, ಬಿಸಿಲಿಗೆ ಮಾಸಿದ ಬಣ್ಣ, ನಡೆದಾಡಿ ಹೊಳಪು ಕಳೆದುಕೊಂಡ ನೆಲ ಇವೆಲ್ಲ ಸವೆತ. ಭಾರದ ವಸ್ತು ಬಿದ್ದು ಒಡೆದ ಗ್ರಾನೈಟ್, ಕೇಳದೆ ಕೊರೆದ ಗೋಡೆ, ನಾಯಿ ಕೆರೆದು ಹಾಳುಮಾಡಿದ ಬಾಗಿಲು ಹಾನಿ. ತಾರಸಿಯಿಂದ ನೀರು ಜಿನುಗಿ ಗೋಡೆ ಉಬ್ಬಿದ್ದರೆ ಅದು ಎರಡೂ ಅಲ್ಲ. ಅದು ಮಾಲೀಕರೇ ಮಾಡಿಸಬೇಕಾಗಿದ್ದ ದುರಸ್ತಿ.

ಹಾನಿಯೇ ಆಗಿದ್ದರೂ ಹೊಸ ವಸ್ತುವಿನ ಪೂರ್ಣ ಬೆಲೆಯನ್ನು ಕೇಳುವುದು ನ್ಯಾಯವಲ್ಲ. ಇಪ್ಪತ್ತು ಸಾವಿರ ರೂಪಾಯಿ ವೆಚ್ಚದ ಬಣ್ಣ ಐದು ವರ್ಷ ಬಾಳುವುದೆಂದು ಇಟ್ಟುಕೊಳ್ಳೋಣ. ನಾಲ್ಕು ವರ್ಷದ ಬಾಳಿಕೆ ಮುಗಿದ ಗೋಡೆಯ ಮೇಲೆ ಮಗು ಗೀಚಿದ್ದರೆ, ನಷ್ಟವಾದದ್ದು ಉಳಿದ ಒಂದು ವರ್ಷದ ಬಾಳಿಕೆ ಮಾತ್ರ. ಅಂದರೆ ನಾಲ್ಕು ಸಾವಿರ ರೂಪಾಯಿ. ಆದರೆ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವುದು ನಮ್ಮ ನಗರದಲ್ಲಿ ರೂಢಿಯಾಗಿಬಿಟ್ಟಿದೆ. ಗೋಡೆಯ ಮೇಲೆ ಒಂದು ಗೀಟೂ ಇಲ್ಲದೆ ಬಿಟ್ಟುಹೋದವರಿಗೂ ಇದೇ ನಿಯಮ, ಮನೆಯನ್ನು ಹಾಳುಗೆಡವಿದವರಿಗೂ ಇದೇ ನಿಯಮ. ಜೋಪಾನ ಮಾಡಿದವರಿಗೂ ಮಾಡದವರಿಗೂ ಒಂದೇ ದಂಡವಾದರೆ ಜೋಪಾನ ಮಾಡುವವರು ಯಾರು?

ಈ ತತ್ವಗಳನ್ನು ಎಲ್ಲರೂ ಒಪ್ಪಿದರೂ ಜಗಳ ನಿಲ್ಲದು. ಏಕೆಂದರೆ ಮನೆ ಪ್ರವೇಶಿಸಿದ ದಿನ ಅದು ಹೇಗಿತ್ತು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಛಾಪಾ ಕಾಗದದ ಮೇಲೆ ಮಾಡಿಕೊಳ್ಳುವ ಹನ್ನೊಂದು ತಿಂಗಳ ಕರಾರಿನ ಕೊನೆಯಲ್ಲಿ ಹೆಚ್ಚೆಂದರೆ ಇಷ್ಟು ಫ್ಯಾನು, ಇಷ್ಟು ಟ್ಯೂಬ್‌ಲೈಟು, ಒಂದು ಗೀಸರ್ ಎಂಬ ಪಟ್ಟಿ ಇರುತ್ತದೆ. ಅದು ವಸ್ತುಗಳ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಸ್ಥಿತಿಯನ್ನಲ್ಲ. ಸ್ಥಿತಿ ದಾಖಲಾಗದಿದ್ದಾಗ ತೀರ್ಪು ನೀಡುವುದು ನೆನಪು. ನೆನಪು ಯಾವಾಗಲೂ ಅವರವರ ಪಕ್ಷವನ್ನೇ ವಹಿಸುತ್ತದೆ.

ಇದರ ಮೇಲೆ ಹಣವೆಲ್ಲ ಒಬ್ಬರ ಕೈಯಲ್ಲಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬೆಂಗಳೂರಿನ ಬಹುಕಾಲದ ರೂಢಿ. ಈಗ ಹಲವೆಡೆ ಅದು ಇಳಿದಿದ್ದರೂ ಮೊತ್ತ ಸಣ್ಣದೇನಲ್ಲ. ಹಾನಿಯಾಗಿದೆ ಎಂದು ದೂರುವವರೂ, ಅದರ ಬೆಲೆ ಕಟ್ಟುವವರೂ, ಹಣ ಹಿಡಿದುಕೊಳ್ಳುವವರೂ ಒಬ್ಬರೇ. ಎಷ್ಟೋ ಸಲ ಆ ಹಣ ಅಷ್ಟರಲ್ಲಿ ಖರ್ಚಾಗಿರುತ್ತದೆ. ಹೊಸ ಬಾಡಿಗೆದಾರರು ಬರುವವರೆಗೆ ಹಳಬರು ಕಾಯಬೇಕಾಗುತ್ತದೆ. ಇದನ್ನರಿತ ಬಾಡಿಗೆದಾರರು ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನೇ ಕೊಡದೆ ‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎನ್ನುತ್ತಾರೆ. ಆಮೇಲೆ ನಿಜವಾದ ಹಾನಿ ಕಂಡುಬಂದಾಗ ಮಾಲೀಕರ ಕೈಯಲ್ಲಿ ಉಳಿದಿರುವುದು ಅಲ್ಪ. ಹೀಗೆ ಅಪನಂಬಿಕೆಯಿಂದ ಹುಟ್ಟಿದ ಉಪಾಯ ಇಬ್ಬರನ್ನೂ ಕಾಡುತ್ತದೆ. ನ್ಯಾಯಾಲಯಕ್ಕೆ ಹೋಗೋಣವೆಂದರೆ ಮೂವತ್ತು ಸಾವಿರದ ವ್ಯಾಜ್ಯಕ್ಕೆ ವಕೀಲರ ಶುಲ್ಕವೂ ವರ್ಷಗಳ ಅಲೆದಾಟವೂ ತಾಳುವಂಥದ್ದಲ್ಲ.

ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಗಂಟನ್ನು ಬಿಡಿಸಲು ಯತ್ನಿಸಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಗೋಡೆಯ ಸುಣ್ಣ, ಬಾಗಿಲು-ಕಿಟಕಿಯ ಬಣ್ಣ, ಕೊಳವೆ ಮತ್ತು ವೈರಿಂಗ್ ಮಾಲೀಕರ ಹೊಣೆ. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಬಾಡಿಗೆದಾರರ ಹೊಣೆ. ಆದರೆ ಹೆಸರೇ ಹೇಳುವಂತೆ ಇದು ಮಾದರಿ ಮಾತ್ರ. ರಾಜ್ಯಗಳು ತಮ್ಮದಾಗಿಸಿಕೊಂಡರಷ್ಟೇ ಬಲ ಬರುತ್ತದೆ. ಇಂಗ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 2007ರ ಏಪ್ರಿಲ್‌ನಿಂದ ಖಾಸಗಿ ಬಾಡಿಗೆ ಮನೆಗಳ ಬಹುಪಾಲು ಠೇವಣಿಗಳನ್ನು ಸರ್ಕಾರದ ಮಾನ್ಯತೆ ಪಡೆದ ಯೋಜನೆಯ ರಕ್ಷಣೆಗೆ ಒಳಪಡಿಸಬೇಕು. ವಿವಾದವೆದ್ದರೆ ಮೂರನೆಯವರು ತೀರ್ಮಾನಿಸುತ್ತಾರೆ. ಠೇವಣಿ ಬಾಡಿಗೆದಾರರ ಹಣವೆಂದೇ ಪರಿಗಣಿತವಾಗುವುದರಿಂದ, ಅದರಲ್ಲಿ ಪಾಲು ಕೇಳುವ ಮಾಲೀಕರೇ ಹಾನಿಯನ್ನು ರುಜುವಾತುಪಡಿಸಬೇಕು.

ಇಂಥ ವ್ಯವಸ್ಥೆ ಇಲ್ಲಿಗೆ ಬರಲಿ ಎಂದು ಒತ್ತಾಯಿಸೋಣ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕೀಲಿಕೈ ಕೊಡುವ ದಿನ ಇಬ್ಬರೂ ಮನೆಯನ್ನು ಸುತ್ತಿ, ಪ್ರತಿ ಕೋಣೆಯ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಮೊಬೈಲ್‌ನಲ್ಲಿ ಚಿತ್ರ ತೆಗೆದು ಅಂದೇ ಪರಸ್ಪರ ಕಳುಹಿಸಿಕೊಳ್ಳಲಿ. ಖಾಲಿ ಮಾಡುವ ಎರಡು ವಾರ ಮುಂಚೆ ಅದೇ ಹಾಳೆ ಹಿಡಿದು ಮತ್ತೊಮ್ಮೆ ನೋಡಿದರೆ, ಸಣ್ಣಪುಟ್ಟ ದುರಸ್ತಿಯನ್ನು ಬಾಡಿಗೆದಾರರೇ ಮಾಡಿಸಿಕೊಡಲು ಅವಕಾಶ ಸಿಗುತ್ತದೆ. ಉಳಿದದ್ದನ್ನು ರಸೀದಿ ಸಹಿತ, ವಸ್ತುವಿನ ವಯಸ್ಸು ಕಳೆದು, ಬಾಬ್ತುವಾರು ಮುರಿದುಕೊಳ್ಳಲಿ. ಬಡಾವಣೆಯ ನಿವಾಸಿಗಳ ಸಂಘಗಳು ಇದಕ್ಕೊಂದು ಸರಳ ನಮೂನೆ ಸಿದ್ಧಪಡಿಸಿದರೆ ‘ನನ್ನ ಮೇಲೆ ನಂಬಿಕೆಯಿಲ್ಲವೇ’ ಎಂಬ ಸಂಕೋಚಕ್ಕೂ ಎಡೆಯಿರದು.

ಇದರಿಂದ ಮಾಲೀಕರು ಕಳೆದುಕೊಳ್ಳುವುದೇನೂ ಇಲ್ಲ. ಮನೆ ಹಾಳು ಮಾಡಿ ಹೋದವರಿಂದ ಠೇವಣಿಗೂ ಮೀರಿದ ಪರಿಹಾರ ಕೇಳಬೇಕಾಗಿ ಬಂದರೆ, ಅವರ ಮಾತಿಗೆ ಆಧಾರವಾಗುವುದು ಆ ಸಹಿ ಹಾಕಿದ ಹಾಳೆಯೇ. ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಅವಿಶ್ವಾಸವೆಂದು ನಾವು ಭಾವಿಸುತ್ತೇವೆ. ಪತ್ರವಿಲ್ಲದ್ದರಿಂದಲೇ ವಿಶ್ವಾಸ ಮುರಿಯುತ್ತಿದೆ ಎಂಬುದನ್ನು ಪ್ರತಿ ತಿಂಗಳ ಕೊನೆಯಲ್ಲೂ ಕಾಣುತ್ತಿದ್ದೇವೆ.