ಒಳ್ಳೆ ಟಕೀಲಾ, ನಮ್ಮ ಕತ್ತಾಳೆ



ಒಳ್ಳೆ ಟಕೀಲಾ ಯಾವುದು ಅಂದ್ರೆ ಬೆಂಗಳೂರಿನ ಬಾರುಗಳಲ್ಲಿ ಬಾಟಲಿ ತೋರಿಸ್ತಾರೆ. '100% ಅಗಾವೆ' ಅಂತ ಬರೆದಿರಬೇಕಂತೆ. ನಿಜ, ಬರೆದಿಲ್ಲದಿದ್ದರೆ ಅರ್ಧದ ಹತ್ತಿರ ಬೇರೆ ಸಕ್ಕರೆ ಇರಬಹುದು. ಆದರೆ ರುಚಿ ಹುಟ್ಟೋದು ಮೆಕ್ಸಿಕೋದ ಹಿಮಡೋರ್ ಅನ್ನೋ ಕೂಲಿಯವನ ಕೈಯಲ್ಲಿ. ಆರೇಳು ವರ್ಷ ಬೆಳೆದ ನೀಲಿ ಕತ್ತಾಳೆಯ ದಿಂಡು ಯಾವಾಗ ಮಾಗಿದೆ ಅಂತ ಗುರುತಿಸೋನು ಅವನು. ಎಲೆಯ ಬುಡ ಜಾಸ್ತಿ ಉಳಿಸಿ ಕಡಿದರೆ ಕಹಿ ಇಳಿಯುತ್ತೆ.

ನಮ್ಮ ಅಲೀಪುರದ ಕಡೆ ಬದುವಿನ ಮೇಲಿರೋ ಕತ್ತಾಳೆಯೂ ಅದರ ನೆಂಟನೇ. ಪಟ್ಟೆ ಕೊಳೆಹಾಕಿ, ಆ ನಾತದಲ್ಲಿ ನಿಂತು, ಮೈಯೆಲ್ಲ ಕಡಿತ ಎದ್ದರೂ ನಾರು ಬಡಿದು ಹಗ್ಗ ಹೊಸೆದೋರು ನಮ್ಮೋರು. ಹಗ್ಗ ಕಟ್ಟಿದ ಎತ್ತು ಕೊಟ್ಟಿಗೆ ಒಳಗೆ, ಹೊಸೆದೋರು ಅಂಗಳದಾಚೆ.

2011ರಲ್ಲಿ ನೆರೆಯ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಕತ್ತಾಳೆಯಿಂದಲೇ ಇಳಿಸಿದ 'ಡೆಸ್ಮಂಡ್‌ಜಿ' ಮಾರುಕಟ್ಟೆಗೆ ಬಂತು. ಟಕೀಲಾ ಅನ್ನಂಗಿಲ್ಲ, ಆ ಹೆಸರು ಮೆಕ್ಸಿಕೋದ ಸ್ವತ್ತು. ಹೆಸರಿಗೆ ಇಷ್ಟು ಕಾವಲು, ಕಡಿಯೋ ಕೈಗೆ?

ಕುಡೀರಿ ಅಂತಿಲ್ಲ, ಕುಡಿತ ನಮ್ಮ ಕೇರಿಗಳಿಗೆ ಏನು ಮಾಡಿದೆ ಗೊತ್ತು. ನಾಳೆ ಯಾರಾದರೂ ನಮ್ಮ ಬದುಗಳ ಕತ್ತಾಳೆ ಕೇಳ್ಕೊಂಡು ಬಂದ್ರೆ ಮೊದಲು ಕೂಲಿ ಎಷ್ಟು, ಗ್ಲೌಸು-ಬೂಟು ಕೊಡ್ತೀರಾ, ನಾರು ಯಾರಿಗೆ ಅಂತ ಕೇಳಿ. ಬಾಯಿಮಾತಲ್ಲಿ ಬೇಡ, ಬರೆಸ್ಕೊಳ್ಳಿ.