ಮಾರಿಗೆ ಹಚ್ಚೂ ರೊಕ್ಕ

ಹೋದ ವಾರ ನಮ್ಮ ವೈನಿ ಬಂದಿದ್ರು. ಚಹಾ ಕುಡಕೋತ ಪರ್ಸಿನಾಗಿಂದ ಒಂದ ಸಣ್ಣ ಬಾಟ್ಲಿ ತಗದು ತೋರಿಸಿದ್ರು. ಗ್ರೋಥ್ ಫ್ಯಾಕ್ಟರ್ ಸೀರಮ್ ಅಂತ. 30 ಮಿಲಿಗೆ 6,800 ರೂಪಾಯಿ! ಅಂಗಡಿ ಹುಡುಗಿ ಕನ್ನಡಿ ಹಿಡದು, "ಆಂಟಿ, ಕಣ್ಣಿನ ಬಾಜೂಕ ನೋಡ್ರಿ, ಎಷ್ಟ ನಿರಿಗಿ ಬಿದ್ದಾವ" ಅಂದ್ಲಂತ.

"ನಿಮ್ಮಣ್ಣಗ ಹೇಳಬ್ಯಾಡ ಮತ್ತ, ಮನಿಖರ್ಚಿನಾಗ ಉಳಿಸಿದ್ದು" ಅಂದ್ರು ವೈನಿ. ಮೊಣಕಾಲ ನೋವಂತ ಮೂರ ತಿಂಗಳಿಂದ ನರಳ್ಲಿಕ್ಕೆ ಹತ್ಯಾರ. ಡಾಕ್ಟರ್ ಕಡೆ ಹೋಗ್ರಿ ಅಂದ್ರ, "ಮುಂದಿನ ತಿಂಗಳ ನೋಡೂಣು, ಈಗ ರೊಕ್ಕ ಇಲ್ಲ" ಅಂತಾರ. ನನಗ ಸಿಟ್ಟ ಬಂತು. ವೈನಿ ಮ್ಯಾಲ ಅಲ್ಲ, ಆ ಬಾಟ್ಲಿ ಮ್ಯಾಲ.

ಗ್ರೋಥ್ ಫ್ಯಾಕ್ಟರ್ ಅನ್ನೋದು ಸುಳ್ಳಲ್ರಿ. ಅದನ್ನ ಕಂಡ ಹಿಡದಿದ್ದಕ್ಕ ಸ್ಟಾನ್ಲಿ ಕೊಹೆನ್ ಮತ್ತ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಾಗ ನೊಬೆಲ್ ಬಂದದ. ಅದು ನಮ್ಮ ಮೈಯಾಗ ಹುಟ್ಟೋ ಪ್ರೋಟೀನು. ಒಂದು ಜೀವಕೋಶ ಇನ್ನೊಂದಕ್ಕ "ಬೆಳಿ, ಗಾಯ ಮುಚ್ಚು" ಅಂತ ಕಳಸೋ ಸುದ್ದಿ ಇದ್ದಂಗ. ಸಕ್ಕರಿ ಬ್ಯಾನಿ ಇದ್ದವರ ಕಾಲಿನ ಹುಣ್ಣು ಮಾಯಲಿಲ್ಲಂದ್ರ ಡಾಕ್ಟರು ಇದರ ಜೆಲ್ ಹಚ್ಚೂದೂ ಅದ.

ಆದ್ರ ಹುಣ್ಣು ಅಂದ್ರ ಬಾಗಲಾ ತಗದ ಮನಿ. ವೈನಿ ಗಲ್ಲ ಬಾಗಲಾ ಹಾಕಿದ ಮನಿ. ಚರ್ಮದ ಮ್ಯಾಲಿನ ಪದರ ಇರೂದ ಹೊರಗಿನದ್ದನ್ನ ಹೊರಗ ನಿಲ್ಲಸ್ಲಿಕ್ಕೆ. ಸುಮಾರು 500 ಡಾಲ್ಟನ್‌ಕಿಂತ ದೊಡ್ಡ ಅಣು ಅದರಾಗ ಸುಲಭಕ್ಕ ಇಳಿಯೂದಿಲ್ಲ ಅಂತ ಚರ್ಮದ ಪಂಡಿತರು ಲೆಕ್ಕ ಇಟ್ಕೊಂಡಾರ. ಇಂಥಾ ಸೀರಮಿನಾಗ ಹಾಕೋ ಇಜಿಎಫ್ ಅನ್ನೋ ಪ್ರೋಟೀನು ಸುಮಾರು 6,000 ಡಾಲ್ಟನ್. ಕೆಲವು ಇನ್ನೂ ದೊಡ್ಡವು. ಸುದ್ದಿ ಖರೇನ ಇರಬಹುದು, ಆದ್ರ ತಂದಾವ ಗೇಟಿನ ಹೊರಗ ನಿಂತಾನ.

"ಹಂಗಂದ್ರ ಹಚ್ಚಿದವರ ಮಾರಿ ಮಿಂಚ್ತದಲ್ಲ?" ಅಂತೀರಿ. ಮಿಂಚ್ತದ. ಗ್ಲಿಸರಿನ್ ಹಚ್ಚಿದ್ರೂ ಮಿಂಚ್ತದ. ಒಣಗಿದ ಚರ್ಮ ನೀರು ಹಿಡಕೊಂಡ್ರ ಸಣ್ಣ ನಿರಿಗಿ ತುಂಬಿ ಕಾಣ್ತಾವ. ನಿರಿಗಿ ಸ್ವಲ್ಪ ಕಡಿಮಿ ಆತು ಅನ್ನೋ ಅಧ್ಯಯನಾನೂ ಅವ, ಇಲ್ಲನ್ನೂದಿಲ್ಲ. ಆದ್ರ ಭಾಳಷ್ಟು ಸಣ್ಣವು, ಎಷ್ಟೋ ಅಧ್ಯಯನಕ್ಕ ರೊಕ್ಕ ಹಾಕಿದವರು ಮಾರೋರ ಇದ್ದಾರ. ಒಂದ ಬಾಟ್ಲ್ಯಾಗ ಹತ್ತು ಸಾಮಾನು ಹಾಕಿ, ಸಾರು ರುಚಿ ಆದಮ್ಯಾಲ "ಇದು ಇಂಗಿನ ಪ್ರತಾಪ" ಅಂದ್ರ ನಂಬೂದ ಹೆಂಗ?

ಬಾಟ್ಲಿ ಮ್ಯಾಲಿನ ಅಕ್ಷರಾನೂ ಓದ್ರಿ. "ನಿರಿಗಿ ಹೋಗ್ತಾವ" ಅಂತ ಬರದಿರಲಿಲ್ಲ, "ಕಡಿಮೆ ಆದಂತೆ ಕಾಣುತ್ತದೆ" ಅಂತಿತ್ತು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಪ್ರಕಾರ ಸೌಂದರ್ಯವರ್ಧಕ ಅಂದ್ರ ಸ್ವಚ್ಛ ಮಾಡೂದು, ಛಂದ ಕಾಣಸೂದು, ತೋರಿಕೆ ಬದಲಸೂದು, ಇಷ್ಟ. ಆ 'ಕಾಣುತ್ತದೆ' ಅನ್ನೋ ಒಂದ ಶಬ್ದದಾಗ ಅವರ ಜಾಣತನ ಎಲ್ಲಾ ಅದ.

ಮತ್ತ ಏನ ಮಾಡೂದು? ನಮ್ಮ ಮಾರಿ ಮುದುಕ ಮಾಡೋದ್ರಾಗ ವಯಸ್ಸಿನಷ್ಟ ಬಿಸಲಿನ ಕೈವಾಡಾನೂ ಅದ. ಆಸ್ಟ್ರೇಲಿಯಾದ ನ್ಯಾಂಬರ್ ಅನ್ನೋ ಊರಾಗ 903 ಮಂದೀನ್ನ ನಾಕೂವರಿ ವರ್ಷ ನೋಡಿದ್ರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ ಬಂದಾಗ ಹಚ್ಚಿದವರಕಿಂತ 24 ಪ್ರತಿಶತ ಕಡಿಮಿ ಮುಪ್ಪಾಗಿತ್ತು. 2013ರಾಗ ಪ್ರಕಟ ಆದದ್ದು ಇದು. ಇನ್ನ ನಿರಿಗೀಗೆ ಖರೇನ ಔಷಧ ಬೇಕಂದ್ರ ಟ್ರೆಟಿನಾಯಿನ್ ಅದ, ಅದನ್ನ ಡಾಕ್ಟರ್ ಬರದಕೊಟ್ರ ಮಾತ್ರ ಹಚ್ಚಬೇಕು. ಎರಡೂ ಕೂಡಿಸಿದ್ರೂ ಆ ಬಾಟ್ಲಿ ರೇಟ್ ಆಗೂದಿಲ್ಲ.

ಛಂದ ಕಾಣಬೇಕು ಅನ್ನೋದು ತಪ್ಪಲ್ರಿ. ಐವತ್ತೆರಡಕ್ಕ ಯಾಕ ಅನಸಬಾರದು? ಆದ್ರ ಒಬ್ಬ ಹೆಣ್ಣಮಗಳಿಗೆ ಕನ್ನಡಿ ಹಿಡದು ಮೊದಲ ನಾಚಿಸಿ, ಆಮ್ಯಾಲ ಆ ನಾಚಿಕೀಗೆ ಔಷಧ ಮಾರೂದದಲ್ಲ, ಅದು ತಪ್ಪು.

ಇದನ್ನೆಲ್ಲಾ ಹೇಳಿದೆ. ವೈನಿ ಸುಮ್ಮನ ಕೇಳಿ, "ಸೀಲ್ ಒಡದೇನವಾ, ವಾಪಸ್ ತಗೊಳ್ಳೂದಿಲ್ಲ" ಅಂದ್ರು. ಇರ್ಲಿ, ಹಚ್ಚಿ ಮುಗಸಲಿ. ಸೋಮವಾರ ನಾನ ಅವರನ್ನ ಕರಕೊಂಡ ಹೊಂಟೀನಿ, ಮೊಣಕಾಲ ತೋರಸ್ಲಿಕ್ಕೆ.