ಪಂದ್ಯಾಟ ಮುಗಿದ ಮೇಲೆ

ಪ್ರತಿ ಬೇಸಗೆಯಲ್ಲಿ ಐ.ಪಿ.ಎಲ್. ಪಂದ್ಯಾಟ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತೇ ಬದಲಾಗುತ್ತದೆ. ಬೆಂಗಳೂರು ತಂಡ ಗೆದ್ದರೆ ಮಕ್ಕಳಿಗೆ ಹಬ್ಬ. ಸೋತರೆ ಮರುದಿನ ಮುಖ ಬಾಡಿರುತ್ತದೆ. ಅದು ತಪ್ಪಲ್ಲ. ಆದರೆ ಎರಡು ತಿಂಗಳ ಈ ಗದ್ದಲ ಅಡಗಿದ ಮೇಲೆ ಊರಿಗೆ ಉಳಿಯುವುದೇನು? ಈ ಪ್ರಶ್ನೆಗೆ ತಮಿಳುನಾಡಿನ ಸೇಲಂ ಜಿಲ್ಲೆಯ ಒಂದು ಹಳ್ಳಿ ಒಳ್ಳೆಯ ಉತ್ತರ ಕೊಟ್ಟಿದೆ.

ಸೇಲಂ ನಮ್ಮ ಓದುಗರಿಗೆ ತೀರ ಪರಕೀಯವಾದ ಸೀಮೆಯಲ್ಲ. ಕಾವೇರಿ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಧುಮುಕಿ, ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. 1965ರವರೆಗೆ ಧರ್ಮಪುರಿಯೂ ಸೇಲಂ ಜಿಲ್ಲೆಯ ಭಾಗವೇ ಆಗಿತ್ತು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನೇಕಾರ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಇವೆ. ಎರಡು ಭಾಷೆಗಳ ನಡುವೆ ಬಾಳುವುದೆಂದರೇನೆಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಈ ಮಗ್ಗದ ನಾಡಿನ ಚಿನ್ನಪ್ಪಂಪಟ್ಟಿಯೆಂಬ ಹಳ್ಳಿಯವರು ಟಿ. ನಟರಾಜನ್. ತಂದೆಗೆ ನೇಯ್ಗೆಯ ಕೂಲಿ, ತಾಯಿಗೆ ರಸ್ತೆಬದಿಯ ಸಣ್ಣ ವ್ಯಾಪಾರ. ಇಪ್ಪತ್ತರ ಪ್ರಾಯದವರೆಗೆ ಇವರು ಆಡಿದ್ದು ಟೆನಿಸ್ ಚೆಂಡಿನಲ್ಲಿ. 2015ರ ಜನವರಿಯಲ್ಲಿ ರಣಜಿ ತಂಡದಲ್ಲಿ ಸ್ಥಾನ ದೊರೆತರೂ, ಮೊದಲ ಪಂದ್ಯದಲ್ಲೇ ಚೆಂಡೆಸೆಯುವ ಕ್ರಮ ಸರಿಯಿಲ್ಲವೆಂಬ ಆಕ್ಷೇಪ ಬಂತು. ಎದೆಗುಂದದೆ ಕೈಯನ್ನು ತಿದ್ದಿಕೊಂಡು ಮರಳಿದರು. 2017ರಲ್ಲಿ ಪಂಜಾಬ್ ತಂಡ 3 ಕೋಟಿ ರೂಪಾಯಿಗೆ ಕೊಂಡಿತು. ಅಲ್ಲಿ ಹೆಚ್ಚೇನೂ ಸಾಧಿಸಲಾಗಲಿಲ್ಲ. ಹೈದರಾಬಾದ್ ತಂಡ ಸೇರಿದ ಮೇಲೆ 2018 ಮತ್ತು 2019, ಎರಡು ವರ್ಷವೂ ಹೊರಗೇ ಕುಳಿತರು.

ಕೋವಿಡ್ ಕಾರಣ ಅರಬ್ ಎಮಿರೇಟ್ಸಿನಲ್ಲಿ ನಡೆದ 2020ರ ಪಂದ್ಯಾಟ ಅವರ ಪಾಲಿಗೆ ಬಂದ ಸಂದರ್ಭ. 16 ವಿಕೆಟ್ ಪಡೆದರು. ನವೆಂಬರ್ 6ರ ರಾತ್ರಿ ಅಬುಧಾಬಿಯಲ್ಲಿ ಎ.ಬಿ. ಡಿವಿಲಿಯರ್ಸ್ ಅವರನ್ನು ಯಾರ್ಕರ್ ಚೆಂಡಿನಲ್ಲಿ ಬೌಲ್ಡ್ ಮಾಡಿದ್ದು ಇವರೇ; ಬೆಂಗಳೂರು ಅಂದೇ ಹೊರಬಿತ್ತು. ನೆಟ್ ಅಭ್ಯಾಸದಲ್ಲಿ ಬೌಲ್ ಮಾಡಲೆಂದು ಆಸ್ಟ್ರೇಲಿಯಾಕ್ಕೆ ಹೊರಟವರು ಏಕದಿನ, ಟಿ-20, ಟೆಸ್ಟ್ ಮೂರರಲ್ಲೂ ಅದೇ ಪ್ರವಾಸದಲ್ಲಿ ಪಾದಾರ್ಪಣೆ ಮಾಡಿದರು. ಭಾರತದ ಬೇರಾರಿಗೂ ಅದಕ್ಕೆ ಮುನ್ನ ಇದು ಒದಗಿರಲಿಲ್ಲ. 2021ರ ಜನವರಿಯ ಬ್ರಿಸ್ಬೇನ್ ವಿಜಯದಲ್ಲೂ ಅವರು ಪಾಲುದಾರರು.

ನಾವು ಮೆಚ್ಚುವುದು ಮುಂದಿನದನ್ನು. ಗಳಿಸಿದ ಹಣದಲ್ಲಿ ಅವರು ಹುಟ್ಟೂರಿನಲ್ಲೇ ಮೈದಾನವೊಂದನ್ನು ಕಟ್ಟಿಸಿದರು. 2023ರ ಜೂನ್‌ನಲ್ಲಿ ದಿನೇಶ್ ಕಾರ್ತಿಕ್ ಅದನ್ನು ಉದ್ಘಾಟಿಸಿದರು. ವಿಕೆಟಿನ ಲೆಕ್ಕ ಮರೆತು ಹೋಗಬಹುದು, ಮೈದಾನ ಉಳಿಯುತ್ತದೆ. ತನಗೆ ಬಾಲ್ಯದಲ್ಲಿ ಇಲ್ಲದುದನ್ನು ಊರಿನ ಮಕ್ಕಳಿಗೆ ಒದಗಿಸುವುದಕ್ಕಿಂತ ದೊಡ್ಡ ಗೆಲುವು ಯಾವುದು?

ನಮ್ಮ ಮಣ್ಣೂ ಬಂಜೆಯಲ್ಲ. 619 ಟೆಸ್ಟ್ ವಿಕೆಟುಗಳ ಅನಿಲ್ ಕುಂಬ್ಳೆ ಬೆಳೆದುದು ಬೆಂಗಳೂರಿನಲ್ಲಾದರೂ ಹೆಸರಿನಲ್ಲಿ ಹೊತ್ತದ್ದು ನಮ್ಮ ಕುಂಬಳೆಯನ್ನು. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2025ರ ಫೆಬ್ರವರಿಯಲ್ಲಿ ಗುಜರಾತ್ ವಿರುದ್ಧ ಅಜೇಯ 177 ರನ್ ಗಳಿಸಿ, ಕೇರಳವು ಮೊತ್ತಮೊದಲ ಬಾರಿಗೆ ರಣಜಿ ಅಂತಿಮ ಪಂದ್ಯಕ್ಕೇರಲು ಕಾರಣರಾದರು. ರಾಜ್ಯದ ತುತ್ತತುದಿಯ ಜಿಲ್ಲೆಯಿಂದ ಹೋದ ಹುಡುಗ ರಾಜ್ಯದ ಮಾನ ಕಾಯ್ದ.

ಆದರೆ ಇಂಥವರು ತಾವಾಗಿ ಮೂಡಿಬರಲೆಂದು ಕಾದು ಕೂರುವುದು ಸರಿಯಲ್ಲ. ಪಂಚಾಯತುಗಳು ಇರುವ ಬಯಲನ್ನಾದರೂ ಉಳಿಸಲಿ. ಶಾಲಾ ಆಡಳಿತದವರು ರಜೆಯಲ್ಲಿ ಮೈದಾನದ ಗೇಟಿಗೆ ಬೀಗ ಹಾಕದಿರಲಿ. ಆಯ್ಕೆ ಶಿಬಿರದ ಪ್ರಕಟಣೆ ಕನ್ನಡ ಶಾಲೆಗಳಿಗೆ ಕನ್ನಡದಲ್ಲೂ ತಲುಪಲಿ. ದಿನಾಂಕ ತಿಳಿಯದೆ ಒಂದು ಮಗು ಹಿಂದುಳಿದರೂ ನಷ್ಟ ಇಡೀ ಜಿಲ್ಲೆಗೆ. ಆಟ ಹುಡುಗರದ್ದು ಮಾತ್ರವೆಂಬ ಭಾವನೆಯನ್ನು ಹೆತ್ತವರೂ ಬಿಡಲಿ. ಓದು ಬಿಟ್ಟು ಆಡಿರೆಂದು ನಾವು ಹೇಳುವುದಿಲ್ಲ. ಕೋಟಿಯ ಹರಾಜಿಗೆ ತಲುಪುವವರು ಸಾವಿರದಲ್ಲಿ ಒಬ್ಬರೂ ಇಲ್ಲ. ಉಳಿದವರಿಗೆ ಆರೋಗ್ಯ, ಒಡನಾಟ, ಸೋಲನ್ನು ತಾಳುವ ಮನಸ್ಸು ಸಿಕ್ಕಿದರೆ ಅದೂ ಸಣ್ಣ ಗಳಿಕೆಯಲ್ಲ.

ಚಿನ್ನಪ್ಪಂಪಟ್ಟಿಯಂಥ ಹಳ್ಳಿಗೆ ಸಾಧ್ಯವಾದುದು ನಮ್ಮ ಊರುಗಳಿಗೆ ಅಸಾಧ್ಯವೇನಲ್ಲ. ಸಂಬಂಧಪಟ್ಟವರು ಮುಂದಿನ ಬೇಸಗೆಗೆ ಮುನ್ನ ಮನಸ್ಸು ಮಾಡಬೇಕು.